ಮುಟ್ಟುವ ಕುರ್ಚಿ

ನಮ್ಮೂರಿನಲ್ಲಿ ಧಣಿಯ ಕೆಲಸ ಮುಟ್ಟುವುದು. ಬೇರೆ ಊರುಗಳಲ್ಲೂ ಹಾಗೆಯೇ ಎನ್ನುತ್ತಾರೆ. ನಮ್ಮವನು ಕಂಬಳಿ ಕಾರ್ಖಾನೆಯ ಬಾಗಿಲಿನಲ್ಲಿ ತೇಗದ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಮಗ್ಗದಿಂದ ಇಳಿಸಿದ ಕಂಬಳಿಗಳನ್ನು ಹೊತ್ತು ನಾವು ಪಾಳಿ ಹಚ್ಚಿ, ಒಬ್ಬರ ಹಿಂದೊಬ್ಬರು ಅವನ ಮುಂದೆ ಹಾಯಬೇಕಿತ್ತು. ಅವನು ಒಂದೊಂದರ ಮೇಲೂ ಅಂಗೈ ಇಡುತ್ತಿದ್ದ. ಅಲ್ಲಿಯವರೆಗೆ ಬೆಚ್ಚಗಿದ್ದ ಕಂಬಳಿ ಅವನ ಕೈ ಬಿದ್ದೊಡನೆ ತಣ್ಣಗಾಗುತ್ತಿತ್ತು. ತಣ್ಣಗಾಯಿತೆಂದರೆ ಅದು ಧಣಿಯದು. ಹೊತ್ತು ತರುವಾಗ ಹೆಗಲ ಮೇಲೆ ಕೂಸು ಮಲಗಿದ ಹಾಗಿದ್ದದ್ದು, ಬಾಗಿಲು ದಾಟುವಾಗ ಒದ್ದೆ ಗೋಣಿಚೀಲದ ಹಾಗಾಗುತ್ತಿತ್ತು. ಅದನ್ನು ಕೋಣೆಯಲ್ಲಿ ಒಟ್ಟಿ ನಾವು ಕೈ ಬೀಸಿಕೊಂಡು ಮನೆಗೆ ಹೋಗುತ್ತಿದ್ದೆವು.

ನನ್ನ ಹೆಸರು ಕಲ್ಲವ್ವ. ಗಂಜಿ ಹಚ್ಚುವುದು ನನ್ನ ಕೆಲಸ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಹಂಡೆಯಲ್ಲಿ ಕುದಿಸಿ, ಆ ಗಂಜಿಯನ್ನು ಮಗ್ಗಕ್ಕೇರುವ ಎಳೆಗಳಿಗೆ ಕುಂಚದಿಂದ ಸವರುವುದು. ತಿಪ್ಪವ್ವ ಉಣ್ಣೆ ನೂಲುತ್ತಾಳೆ, ನಾನು ಗಂಜಿ ಹಚ್ಚುತ್ತೇನೆ, ದ್ಯಾವಪ್ಪ ನೇಯುತ್ತಾನೆ. ಹೀಗಾಗಿ ಒಂದು ಕಂಬಳಿಯಲ್ಲಿ ಮೂವರ ಕೈಬಿಸಿ ಇರುತ್ತದೆ. ತಿಪ್ಪವ್ವನದು ಮೆಲ್ಲಗೆ ಒಂದೇ ಸಮ ಇರುವಂಥದ್ದು. ದ್ಯಾವಪ್ಪನದು ಅವನ ಸಿಟ್ಟಿನ ಹಾಗೆ ಅಲ್ಲಲ್ಲಿ ಜಾಸ್ತಿ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಯಾರದು ಎಂದು ನಾನು ಹೇಳಬಲ್ಲೆ. ಧಣಿಯ ಕೈಯಿಂದ ಮಾತ್ರ ಕಂಬಳಿಗೆ ಏನೂ ಬರುತ್ತಿರಲಿಲ್ಲ, ಇದ್ದದ್ದು ಹೋಗುತ್ತಿತ್ತು. ಇದನ್ನೇ ಅವನು ದುಡಿಮೆ ಎನ್ನುತ್ತಿದ್ದ. ಸಂಜೆಯಾದರೆ ಕೈ ನೋಯುತ್ತದೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಆ ಎಣ್ಣೆಯನ್ನು ತಿಕ್ಕುತ್ತಿದ್ದವಳೂ ನಮ್ಮವಳೇ.

ಕೆಲವು ಊರುಗಳಲ್ಲಿ ಮನುಷ್ಯರನ್ನು ಮುಟ್ಟಬಾರದೆಂದು ಹೇಳಿ ಊರಾಚೆ ಇಡುತ್ತಾರಂತೆ. ನಮ್ಮಲ್ಲಿ ಮುಟ್ಟಿ ಮುಟ್ಟಿಯೇ ಆಚೆ ಇಟ್ಟಿದ್ದರು. ಮಗ್ಗಗಳೂ ಅವನವೇ. ಯಾಕೆ ಅವನವು ಎಂದು ನನ್ನ ತಾಯಿ ಒಮ್ಮೆ ಕೇಳಿದ್ದಳಂತೆ. ಬಡಿಗರು ಮಾಡಿ ಇಳಿಸಿದ ದಿನ ಧಣಿಯ ಮುತ್ತಜ್ಜ ಬಂದು ಒಂದೊಂದನ್ನೂ ಮುಟ್ಟಿ ಹೋಗಿದ್ದನಂತೆ, ಅಷ್ಟೇ. ಬಡಿಗರ ಹೆಸರು ಊರಲ್ಲಿ ಯಾರಿಗೂ ನೆನಪಿಲ್ಲ, ಮುಟ್ಟಿದವನ ಹೆಸರಲ್ಲಿ ಒಂದು ಓಣಿಯೇ ಇದೆ. ಹೇಳುತ್ತ ಹೇಳುತ್ತ ನನಗೆ ಈಗಲೂ ಮೈ ಉರಿಯುತ್ತದೆ.

ಆದರೂ ಆಗ ನಾವು ಉರಿಯುತ್ತಿರಲಿಲ್ಲ. ಧಣಿ ಮುಟ್ಟದ ಕಂಬಳಿ ಕಚ್ಚಾ ಮಾಲು ಎಂದೇ ನಂಬಿದ್ದೆವು. ಮಕ್ಕಳು ಆಟದಲ್ಲಿ ಕೂಡ ಒಬ್ಬನನ್ನು ಕಲ್ಲಿನ ಮೇಲೆ ಕೂರಿಸಿ, ಮಣ್ಣಿನ ರೊಟ್ಟಿ ಮಾಡಿ ಅವನ ಮುಂದೆ ಹಿಡಿಯುತ್ತಿದ್ದವು. ಚಳಿಗಾಲದಲ್ಲಿ ಹಗಲೆಲ್ಲ ಬೆಚ್ಚನೆ ಉಣ್ಣೆಯ ನಡುವೆ ದುಡಿದು, ಮನೆಗೆ ಬಂದು ತಣ್ಣಗಿನ ಕಂಬಳಿ ಹೊದ್ದು ನಡುಗುತ್ತಿದ್ದೆವು. ಅದನ್ನೂ ನಾವು ಧಣಿಯಿಂದ ಕೊಂಡೇ ತರಬೇಕಿತ್ತು, ಅದೂ ನಾವೇ ನೇಯ್ದದ್ದನ್ನು.

ಹೊಳಿಯಪ್ಪಜ್ಜನಿಂದ ಎಲ್ಲ ಬದಲಾಯಿತು. ಅವನು ಎಲ್ಲರಿಗಿಂತ ಹಳೆಯ ನೇಕಾರ. ಉಣ್ಣೆಯ ಧೂಳು ಎದೆಯಲ್ಲಿ ಕೂತು, ಕೆಮ್ಮಿದರೆ ಮಗ್ಗವೇ ಅಲ್ಲಾಡುತ್ತಿತ್ತು. ಆ ವರ್ಷ ಚಳಿ ಬಹಳ. ಮಧ್ಯಾಹ್ನ ಬುತ್ತಿಯ ಹೊತ್ತಿನಲ್ಲಿ ಅವನು ತಾನೇ ನೇಯ್ದ ಕಂಬಳಿಯನ್ನು ಇಳಿಸಿ ಹೊದ್ದುಕೊಂಡು ಗೋಡೆಗೆ ಒರಗಿದ. ಧಣಿ ಕುರ್ಚಿಯಿಂದಲೇ ನೋಡಿದ. ಎದ್ದು ಒಳಗೆ ಬಂದ. ಅವನು ಒಳಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಏನಪಾ ಹೊಳಿಯಪ್ಪ, ಮುಟ್ಟಸದ ಮಾಲು ಹೊದ್ಕೊಂಡಿ?" ಎಂದ.

"ಧಣ್ಯಾರ, ಥಂಡಿ ಭಾಳ ಐತ್ರಿ. ಒಂದು ಚೂರು ಹೊತ್ತು, ಆಮ್ಯಾಲ ತಂದು ಮುಟ್ಟಸ್ತೀನ್ರಿ."

"ನಿನಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಮಾಡಾಕ ಬರೂದಿಲ್ಲ ನನಗ" ಎಂದ ಧಣಿ. ಬಗ್ಗಿ, ಅಜ್ಜನ ಮೈಮೇಲಿದ್ದ ಹಾಗೆಯೇ ಕಂಬಳಿಯ ಮೇಲೆ ಅಂಗೈ ಇಟ್ಟ. ಕೂಗಲಿಲ್ಲ, ಬೈಯಲಿಲ್ಲ. ಮುಟ್ಟಿ ಹೋಗಿ ಕೂತ. ಹೊಳಿಯಪ್ಪಜ್ಜ ಅದನ್ನೇ ಹೊದ್ದುಕೊಂಡು ಕುಳಿತಿದ್ದ. ನಾವು ಬುತ್ತಿ ಮುಗಿಸಿ ಏಳುವ ಹೊತ್ತಿಗೆ ಅವನು ಏಳಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮರುದಿನ ನಾವು ಕೆಲಸಕ್ಕೆ ಹೋದೆವು, ನೂತೆವು, ನೇಯ್ದೆವು. ಆದರೆ ಒಂದು ಕಂಬಳಿಯನ್ನೂ ಬಾಗಿಲಿಗೆ ಒಯ್ಯಲಿಲ್ಲ. ಇದನ್ನು ಶುರು ಮಾಡಿದವನು ನನ್ನ ಗಂಡ ಫಕೀರಪ್ಪ. ಮಗ್ಗದ ಮೇಲೆ ನಿಂತು, "ಇವತ್ತಿಂದ ಯಾರೂ ಮುಟ್ಟಸಬ್ಯಾಡ್ರಿ. ಅಂವಾ ಅಲ್ಲೇ ಕುಂತು ಗಾಳಿ ಮುಟ್ಲಿ" ಎಂದ. ಎಲ್ಲರೂ ನಕ್ಕರು, ಸತ್ತವನ ಮನೆಯಿಂದ ಬಂದವರು ಕೂಡ. ಕಂಬಳಿಗಳು ಒಳಗೆ ರಾಶಿಯಾದವು. ಕಾರ್ಖಾನೆ ಬಾಣಂತಿಯ ಕೋಣೆಯಂತೆ ಬೆಚ್ಚಗಾಯಿತು. ಧಣಿ ದಿನವೂ ಬಂದು ಕುರ್ಚಿಯ ಮೇಲೆ ಕೂತ. ಹೆದರಿಸಿದ, ಹಬ್ಬಕ್ಕೆ ಬೆಲ್ಲ ಕೊಡುತ್ತೇನೆಂದ, ಕೊನೆಗೆ "ನಾನಿಲ್ಲದಿದ್ರ ಉಪವಾಸ ಸಾಯ್ತೀರಿ" ಎಂದ. ಉಪವಾಸ ಇದ್ದದ್ದು ನಿಜ. ಒಂದೊಂದು ಮನೆಯಲ್ಲಿ ಗಂಜಿಯ ಹುಣಸೆ ಬೀಜವನ್ನೇ ಬೇಯಿಸಿ ತಿಂದೆವು. ಆದರೆ ಆ ರಾಶಿಯ ನಡುವೆ ಬೆಚ್ಚಗಿದ್ದೆವು. ಒಂದು ಬೆಳಿಗ್ಗೆ ಅವನು ಗಾಡಿ ಕಟ್ಟಿಕೊಂಡು ಸೇತುವೆ ದಾಟಿ ಹೋದ. ಬೇರೆ ಊರುಗಳಲ್ಲೂ ಅವನಿಗೆ ಕುರ್ಚಿಗಳಿದ್ದವು. ನಮ್ಮ ಕುರ್ಚಿಯನ್ನು ಮಾತ್ರ ಒಯ್ಯಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ನಾವು ಇಂಥ ಜನ. ಅವನು ಹೋದ ಮರುದಿನ ಸಂಜೆ ಎಲ್ಲರೂ ಕಂಬಳಿ ಹೊತ್ತು ಬಂದು ಖಾಲಿ ಕುರ್ಚಿಯ ಮುಂದೆ ಪಾಳಿ ಹಚ್ಚಿ ನಿಂತೆವು. ಯಾರೂ ಹೇಳಿರಲಿಲ್ಲ, ಕಾಲುಗಳೇ ಕರೆದುಕೊಂಡು ಬಂದಿದ್ದವು. ತಿಪ್ಪವ್ವ ಕುರ್ಚಿಯ ಕೈಗೆ ಕಂಬಳಿ ತಾಗಿಸಿ ನೋಡಿದಳು. ಅದು ಬೆಚ್ಚಗೇ ಇತ್ತು. "ಇದು ಮುಟ್ಟವಲ್ದಲ್ಲ" ಎಂದಳು, ಕುರ್ಚಿ ಕೆಟ್ಟುಹೋಗಿದೆ ಎಂಬಂತೆ.

ಅಷ್ಟರಲ್ಲಿ ವ್ಯಾಪಾರಿ ಲಾಲಸಾಬ ಕತ್ತೆ ಹೊಡೆದುಕೊಂಡು ಬಂದ. ಕಂಬಳಿ ಒಯ್ದು ಜೋಳ, ಎಣ್ಣೆ, ಹೊಸ ಉಣ್ಣೆ ತಂದುಕೊಡುವವನು ಅವನೊಬ್ಬನೇ. ರಾಶಿಯ ಮೇಲೆ ಕೈಯಿಟ್ಟು ಹಾವು ಮುಟ್ಟಿದವನಂತೆ ಹಿಂದೆ ಸರಿದ. "ಬಿಸಿ ಐತಲ್ಲೋ! ಇದನ್ನ ಹೆಂಗ ಒಯ್ಯಲಿ? ಕತ್ತೆಗೋಳು ಬೆವರ್ತಾವು. ಆಮ್ಯಾಗ ಇದು ಯಾರ ಮಾಲು ಅಂತ ಕೇಳಿದ್ರ ಏನಂತ ಹೇಳ್ಲಿ? ಯಾರನರ ಕೂಡ್ರಿಸಿ ಮುಟ್ಟಸಿಕೊಡ್ರಿ."

ಎಲ್ಲರೂ ಫಕೀರಪ್ಪನ ಕಡೆ ನೋಡಿದರು. ಧಣಿಯನ್ನು ಓಡಿಸಿದವನು, ಸುಳ್ಳಾಡದವನು, ಕುಡಿಯದವನು. "ನಮ್ಮಾಂವ ಒಬ್ಬ ಕುಂತ್ರ ಛಲೋ ಅಲ್ಲೇನು" ಎಂದ ದ್ಯಾವಪ್ಪ. ಫಕೀರಪ್ಪ ಒಲ್ಲೆ ಎಂದ. ಮತ್ತೆ ಒತ್ತಾಯ ಮಾಡಿದರು. ಅವನು ಕುರ್ಚಿಯ ತುದಿಯಲ್ಲಿ, ಬೀಗರ ಮನೆಯಲ್ಲಿ ಕೂತವನಂತೆ ಕೂತ. ಬೆರಳ ತುದಿಯಿಂದ ಕಂಬಳಿ ಮುಟ್ಟಿದ. ಮೊದಲ ದಿನ ಅದು ಬರೀ ಉಗುರುಬೆಚ್ಚಗಾಯಿತು. ನಾವು ಖುಷಿಪಟ್ಟೆವು. ನೋಡಿ, ನಮ್ಮವನು ಮುಟ್ಟಿದರೆ ಅಷ್ಟು ತಣ್ಣಗಾಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು.

ವಾರ ಕಳೆಯುವುದರಲ್ಲಿ ಅವನು ಅಂಗೈ ಪೂರ್ತಿ ಇಡತೊಡಗಿದ್ದ. ಮಾಲು ಬಹಳ, ಬೆರಳ ತುದಿಯಿಂದ ಮುಗಿಯುವುದಿಲ್ಲ ಎಂದ. ಅದೂ ಸುಳ್ಳಲ್ಲ. ಅವನ ಮಗ್ಗದ ಮೇಲೆ ಧೂಳು ಬಿತ್ತು. ಅಂಗೈಯ ಗಂಟುಗಳು ಕರಗಿ ಮೆತ್ತಗಾದವು. ಕಂಬಳಿಗಳು ಹಳೆಯ ಹಾಗೆಯೇ ತಣ್ಣಗೆ ಕೋಣೆ ಸೇರಿದವು, ನಾವು ಹಳೆಯ ಹಾಗೆಯೇ ಕೈ ಬೀಸಿಕೊಂಡು ಮನೆ ಸೇರಿದೆವು. ಫಕೀರಪ್ಪ ಧಣಿಗಿಂತ ಎರಡು ಸೇರು ಜೋಳ ಹೆಚ್ಚು ಕೊಡಿಸಿದ, ಅದನ್ನು ಒಪ್ಪುತ್ತೇನೆ. ಆದರೆ ಯಾರಿಗೆ ಎಷ್ಟು, ಯಾವಾಗ, ಯಾಕೆ ಎನ್ನುವುದನ್ನು ಕುರ್ಚಿಯಿಂದಲೇ ಹೇಳುತ್ತಿದ್ದ. ನಾವು ಕೆಳಗೆ ನಿಂತು ತಲೆಯಾಡಿಸುತ್ತಿದ್ದೆವು.

ನನಗೆ ತಿಳಿದದ್ದು ಅಡುಗೆಮನೆಯಲ್ಲಿ. ಹಂಚಿನಿಂದ ತೆಗೆದ ರೊಟ್ಟಿ ಅವನ ತಾಟಿಗೆ ಹಾಕಿದೆ. ಅವನು ಮುರಿಯಲು ಕೈ ಹಚ್ಚಿದ ಕೂಡಲೇ ಅದರ ಹಬೆ ನಿಂತುಹೋಯಿತು. ಇನ್ನೊಂದು ಹಾಕಿದೆ. ಅದೂ ಹಾಗೇ. ಅವನು ತಲೆ ಎತ್ತದೆ ನಿನ್ನೆ ಮೊನ್ನೆ ಮಾಡಿದಂತಿದ್ದ ರೊಟ್ಟಿಯನ್ನು ಅಗಿದ. ಧಣಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಹಿಂದೆ ಇದನ್ನೇ ಹೇಳಿದ್ದಳು, ಎಷ್ಟು ಬಿಸಿ ಬಡಿಸಿದರೂ ಧಣಿ ಉಣ್ಣುವುದು ತಂಗಳೇ ಎಂದು. ಆಗ ನಾವು ಆ ಮಾತಿಗೆ ನಕ್ಕಿದ್ದೆವು. ಈಗ ಅದನ್ನು ನನ್ನ ಮನೆಯಲ್ಲೇ ನೋಡಿದೆ.

ನನ್ನ ಮಗಳು ನೀಲವ್ವ ಮೊದಲ ಹೆರಿಗೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂದು ಹಡೆದಳು. ಹೆಣ್ಣು ಕೂಸು, ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಅಳುವುದಕ್ಕೂ ಶಕ್ತಿ ಇರಲಿಲ್ಲ. ಸೂಲಗಿತ್ತಿ ಹನುಮವ್ವ ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿ, "ಬೆಚ್ಚಗ ಇಟ್ರ ಉಳೀತೈತಿ ಯವ್ವಾ. ಇಲ್ಲಂದ್ರ ಇಲ್ಲ" ಎಂದಳು. ಕೆಂಡ ಹಾಕಿದ ಒಲೆ ಇಟ್ಟೆವು, ಹೊಗೆಗೆ ಕೂಸು ನೀಲಿಗಟ್ಟಿತು. ಎದೆಗೆ ಕಟ್ಟಿಕೊಂಡು ಸರದಿಯಂತೆ ಕೂತೆವು, ನೀಲವ್ವನಿಗೇ ಜ್ವರದ ನಡುಕ. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದೆ. ಆ ಸೀರೆಗಳೂ ಯಾವುದೋ ಊರಿನ ಯಾವುದೋ ಕುರ್ಚಿಯ ಮುಂದೆ ಹಾಯ್ದು ಬಂದವು. ನನ್ನ ಸೂಜಿ ಓಡಿದ ಸಾಲುಗಳಲ್ಲಿ ಮಾತ್ರ ಬಿಸಿ ಇತ್ತು, ನಡುವೆಲ್ಲ ತಣ್ಣಗೆ. ಫಕೀರಪ್ಪ ಹೊಸ್ತಿಲಲ್ಲಿ ನಿಂತು ನೋಡಿದ, ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಮರುದಿನ ನಾನು ಕಾರ್ಖಾನೆಗೆ ಹೋಗಿ ತಿಪ್ಪವ್ವ ಮತ್ತು ದ್ಯಾವಪ್ಪನಿಗೆ ಹೇಳಿದೆ. ತಿಪ್ಪವ್ವ ಕುರಿಮರಿಯ ಮೊದಲ ಉಣ್ಣೆಯನ್ನು ತೆಗೆದು ನೂತಳು. ನಾನು ಗಂಜಿಯನ್ನು ತೆಳ್ಳಗೆ ಮಾಡಿ, ಚುಚ್ಚದ ಹಾಗೆ ಹಚ್ಚಿದೆ. ದ್ಯಾವಪ್ಪ ಬುತ್ತಿ ಬಿಚ್ಚದೆ ನೇಯ್ದ. ಸಣ್ಣ ಕಂಬಳಿ, ಒಂದು ತೊಟ್ಟಿಲಿಗೆ ಆಗುವಷ್ಟು. ಅದನ್ನು ಎದೆಗೆ ಒತ್ತಿಕೊಂಡಾಗ ನನ್ನ ಕಣ್ಣಲ್ಲಿ ನೀರು ಬಂದಿತು. ಆದರೆ ಹೊರಗೆ ಹೋಗಲು ಇರುವುದು ಒಂದೇ ಬಾಗಿಲು. ಬಾಗಿಲಿನಲ್ಲಿ ನನ್ನ ಗಂಡ ಕೂತಿದ್ದ.

ನನ್ನ ಮುಂದೆ ನಾಲ್ಕಾರು ಜನ, ಹಿಂದೆ ಉಳಿದವರೆಲ್ಲ. ನನ್ನ ಸರದಿ ಬಂತು. "ಇದು ಕೂಸಿಗೆ ರೀ. ಇದನ್ನ ಬಿಟ್ಟುಬಿಡ್ರಿ" ಎಂದೆ ಮೆಲ್ಲಗೆ.

ಅವನ ಮುಖ ಬಿಳಚಿತು. ಕೂಸಿನ ಸುದ್ದಿ ಅವನಿಗೆ ಗೊತ್ತಿಲ್ಲವೆಂದಲ್ಲ. ಹಿಂದಿನ ಪಾಳಿಯನ್ನು ನೋಡಿದ. "ಕಲ್ಲವ್ವಾ, ನನ್ನ ಮನ್ಯಾಗಿನ ಮಂದಿಗೆ ಬಿಟ್ರ ಊರು ಏನಂದೀತು? ನಿನಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಮಾಡಾಕ ಬರೂದಿಲ್ಲ ನನಗ."

ಅದೇ ಮಾತು, ಅಕ್ಷರ ಕೂಡ ಆಚೀಚೆ ಇಲ್ಲ. ಹೊಳಿಯಪ್ಪಜ್ಜ ಗೋಡೆಗೆ ಒರಗಿದ್ದು ನನ್ನ ಕಣ್ಣ ಮುಂದೆ ಬಂದಿತು. ಮದುವೆಯಾದಾಗಿನಿಂದ ಗಂಡನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ ನಾನು. ಆವತ್ತು ಬಿಟ್ಟೆ.

"ಏ ಫಕೀರಪ್ಪ! ಯಾರ ಬಾಯಾಗಿನ ಮಾತು ಇದು? ಅಜ್ಜನ ಹೆಣ ಹೊತ್ತ ಹೆಗಲು ಐತಿ ನಿಂದು, ಮರ್ತೇನು?"

"ನಾ ಕೆಟ್ಟಾಂವ ಆಗಿ ಹೇಳಾಕತ್ತಿಲ್ಲ" ಎಂದ. "ಯಾರರ ಒಬ್ರು ಮುಟ್ಟಬೇಕಲ್ಲ?"

"ಯಾಕ?"

ನಾನು ಪಾಳಿಯ ಕಡೆ ತಿರುಗಿದೆ. "ನೀವರ ಹೇಳ್ರಿ. ಯಾಕ ಮುಟ್ಟಬೇಕು?"

ತಿಪ್ಪವ್ವ ತಲೆ ತುರಿಸಿಕೊಂಡಳು. "ಮೊದಲಿಂದ ಹಂಗ ಐತಲ್ಲವಾ."

"ಹೊಳಿಯಪ್ಪಜ್ಜ ಸತ್ತಿದ್ದೂ ಹಂಗ ಇದ್ದಿದ್ದಕ್ಕ" ಎಂದೆ.

"ಮುಟ್ಟದಿದ್ರ ವ್ಯಾಪಾರಿ ಒಯ್ಯೂದಿಲ್ಲ" ಎಂದ ದ್ಯಾವಪ್ಪ.

"ಯಾಕ ಒಯ್ಯೂದಿಲ್ಲ? ಅವಗ ಥಂಡಿ ಆಗೂದಿಲ್ಲೇನು? ಕಂಬಳಿ ಯಾಕ ಮಾಡ್ತಾರಪಾ, ಬೆಚ್ಚಗ ಇರಾಕೋ, ತಣ್ಣಗ ಒಟ್ಟಾಕೋ? ನೂಲಾಕ ಬರ್ತೈತಿ ನಮಗ, ನೇಯಾಕ ಬರ್ತೈತಿ, ಅಜ್ಜ ಸತ್ತಮ್ಯಾಲ ಧಣಿನ್ನ ಕೇಳದ ಕಾರ್ಖಾನಿ ನಡಸಾಕೂ ಬಂತು. ಎಷ್ಟು ಉಣ್ಣಿ ಬೇಕು, ಯಾರಿಗೆ ಜಡ್ಡು, ಯಾವ ಮಗ್ಗ ಕೆಟ್ಟೈತಿ, ಕುಂತಾಂವಗ ಗೊತ್ತಿತ್ತೇನು? ನಮ್ಮನ್ನ ಕೇಳಿ ನಮಗ ಹೇಳ್ತಿದ್ದ. ಕುರ್ಚಿ ಮ್ಯಾಲ ಕೆಟ್ಟಾಂವ ಕುಂತಿದ್ದಾ ಅಂತ ಅಂವನ್ನ ಎಬ್ಬಿಸಿದ್ವಿ. ಒಳ್ಳೇವನ್ನ ಕೂಡ್ರಿಸಿದ್ವಿ. ನೋಡ್ರಿ ಈಗ ಇವನ ಕೈ! ನನ್ನ ರೊಟ್ಟಿ ತಣ್ಣಗಾಗ್ತಾವು ಇವನ ಕೈಯಾಗ. ಮೊಮ್ಮಗಳನ್ನ ಎತ್ಕೊಳ್ಳಾಕ ಅಂಜ್ತಾನ ನನ್ನ ಗಂಡ!"

ಎಲ್ಲರೂ ಅವನ ಕೈ ನೋಡಿದರು. ಅವನೂ ನೋಡಿಕೊಂಡ. ನಾನು ಕಂಬಳಿಯನ್ನು ಎದೆಗೆ ಒತ್ತಿಕೊಂಡು ಅವನ ಮುಂದೆಯೇ ಹೆಜ್ಜೆ ಇಟ್ಟೆ. ರೂಢಿಯಿಂದ ಅವನ ಬಲಗೈ ಎದ್ದಿತು. ಆ ಕೈ ಕಂಬಳಿಯ ಹತ್ತಿರ ಬಂದು ತಡೆಯಿತು, ಆಮೇಲೆ ಹಿಂದೆ ಹೋಯಿತು. ಅವನು ಅದನ್ನು ತನ್ನ ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟ. ಇನ್ನೊಂದನ್ನೂ ಹಾಗೆಯೇ. "ಹೋಗು, ಓಡು" ಎಂದ. ಅಳುತ್ತಿದ್ದ.

ನಾನು ಓಡಿದೆ. ಕೂಸಿಗೆ ಕಂಬಳಿ ಸುತ್ತಿ ನೀಲವ್ವನ ಮಗ್ಗುಲಿಗೆ ಮಲಗಿಸಿದೆ. ಹೊತ್ತು ಮುಳುಗುವ ಮೊದಲೇ ಅದರ ತುಟಿಗೆ ಬಣ್ಣ ಬಂದಿತು. ಬಾಯಿ ತೆರೆದು ಗಟ್ಟಿಯಾಗಿ ಅತ್ತಿತು. ನೀಲವ್ವ ನಕ್ಕಳು, ನಾನು ಅತ್ತೆ, ಹನುಮವ್ವ ಇಬ್ಬರನ್ನೂ ಬೈದಳು.

ಆಮೇಲೆ ನಾನು ಕಾರ್ಖಾನೆಗೆ ವಾಪಸು ಬಂದಾಗ ಬಾಗಿಲಲ್ಲಿ ಕುರ್ಚಿ ಇರಲಿಲ್ಲ. ಫಕೀರಪ್ಪನೇ ಅದನ್ನು ಎತ್ತಿ ಅಂಗಳಕ್ಕೆ ಒಗೆದಿದ್ದ, ದ್ಯಾವಪ್ಪ ಕೊಡಲಿ ತಂದಿದ್ದ. ಹಳೆಯ ತೇಗ, ಚೆನ್ನಾಗಿ ಉರಿಯಿತು. ನನ್ನ ಗಂಜಿಯ ಹಂಡೆಯ ಕೆಳಗೇ ಇಟ್ಟೆ. ಆವತ್ತಿನ ಗಂಜಿಯಷ್ಟು ಹದವಾದದ್ದು ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ.

ಲಾಲಸಾಬ ಬಂದು ತಲೆ ಮೇಲೆ ಕೈ ಹೊತ್ತ. ಬಿಸಿ ಮಾಲು ಒಯ್ಯುವುದೇ ಇಲ್ಲ ಎಂದ. ಒಯ್ಯದಿದ್ದರೆ ಬಿಡು, ನಾವೇ ಹೊದ್ದುಕೊಳ್ಳುತ್ತೇವೆ ಎಂದೆವು. ಗೊಣಗುತ್ತ ನಾಲ್ಕು ಕಂಬಳಿ ಕಟ್ಟಿಕೊಂಡು ಹೋದ. ಘಟ್ಟದ ದಾರಿಯಲ್ಲಿ ಮಂಜು ಸುರಿದು ಕತ್ತೆಗಳ ನಡುವೆ ಅವೇ ಕಂಬಳಿ ಹೊದ್ದು ಮಲಗಿದನಂತೆ. ಮುಂದಿನ ಸಲ ಕತ್ತೆಗಳ ಜೊತೆ ಅಣ್ಣನ ಎತ್ತುಗಳನ್ನೂ ತಂದ. "ಇದು ಯಾರ ಮಾಲು ಅಂತ ಕೇಳ್ತಾರ, ಏನ ಹೇಳ್ಲಿ?" ಎಂದು ಮತ್ತೆ ಕೇಳಿದ. "ತಿಪ್ಪವ್ವಂದು, ಕಲ್ಲವ್ವಂದು, ದ್ಯಾವಪ್ಪಂದು ಅಂತ ಹೇಳು. ಹೆಸರು ಭಾಳಾದ್ರ ದಾರ್ಯಾಗ ಉರು ಹೊಡಿ" ಎಂದೆ.

ಈಗ ಯಾರಿಗೆ ಎಷ್ಟು ಜೋಳ, ಯಾವ ಮನೆಗೆ ಮೊದಲು ಕಂಬಳಿ, ಎಷ್ಟು ವ್ಯಾಪಾರಕ್ಕೆ ಎನ್ನುವುದನ್ನು ಅಂಗಳದಲ್ಲಿ ನೆಲದ ಮೇಲೆ ಕೂತು ಮಾತಾಡುತ್ತೇವೆ. ಜಗಳ ಆಗುತ್ತದೆ. ತಿಪ್ಪವ್ವ ಮತ್ತು ದ್ಯಾವಪ್ಪ ವಾರವಿಡೀ ಮಾತು ಬಿಡುತ್ತಾರೆ. ಧಣಿ ಇದ್ದಾಗ ಎಷ್ಟು ಶಾಂತಿ ಇತ್ತು ಎನ್ನುವವರೂ ಇದ್ದಾರೆ. ಇತ್ತು, ಸ್ಮಶಾನದಲ್ಲೂ ಇರುತ್ತದೆ, ಹೋಗಿ ಹೊಳಿಯಪ್ಪಜ್ಜನನ್ನು ಕೇಳಿ ಬನ್ನಿ ಎಂದು ನಾನು ಹೇಳುತ್ತೇನೆ. ಧೂಳಿಗೆ ಎದೆ ಕೆಟ್ಟವರನ್ನು ಮಗ್ಗದಿಂದ ಇಳಿಸಿ ಹೊರಗೆ ಅಂಗಳದಲ್ಲಿ ನೂಲುವುದಕ್ಕೆ ಹಾಕಬೇಕೆಂದು ತೀರ್ಮಾನ ಮಾಡಿದ್ದು ಈ ಜಗಳದಲ್ಲೇ. ಕಾರ್ಖಾನೆಗೆ ಇನ್ನೆರಡು ಕಿಟಕಿ ಇಡಿಸಿದ್ದೂ ಇದರಲ್ಲೇ. ಅಜ್ಜನಿದ್ದಾಗ ಆ ಕಿಟಕಿಗಳಿದ್ದಿದ್ದರೆ ಎಂದು ನೆನೆದರೆ ಸಿಟ್ಟು ಇನ್ನೂ ಹೋಗುವುದಿಲ್ಲ, ಹೋಗುವುದೂ ಬೇಡ.

ಫಕೀರಪ್ಪ ಮಗ್ಗದ ಧೂಳು ಒರೆಸಿ ಕೂತ. ಅವನ ಮೊದಲ ಕಂಬಳಿ ತಣ್ಣಗೆ ಇಳಿಯಿತು. ಎರಡನೆಯದೂ ತಣ್ಣಗೆ. ಲಾಳಿ ಬೆರಳು ಕಚ್ಚಿ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಆದರೂ ಅವನು ಎದ್ದು ಹೋಗಲಿಲ್ಲ. ಬೊಬ್ಬೆ ಗಟ್ಟಿಯಾಗಿ ಗಂಟು ಬಿದ್ದ ಮೇಲೆ ಒಂದು ದಿನ ಮನೆಗೆ ಬಂದವನು ನನ್ನ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಅದರ ಹಬೆ ನಿಲ್ಲಲಿಲ್ಲ. ತಾಟು ಬಿಟ್ಟು ಎದ್ದು ತೊಟ್ಟಿಲ ಹತ್ತಿರ ಹೋಗಿ ಮೊಮ್ಮಗಳನ್ನು ಎತ್ತಿಕೊಂಡ. ಅವಳು ಅವನ ಮೀಸೆ ಹಿಡಿದು ಜಗ್ಗಿದಳು.

ಕುರ್ಚಿ ಇದ್ದ ಜಾಗದಲ್ಲಿ ಕಲ್ಲು ಸವೆದು ನಾಲ್ಕು ಕುಳಿ ಬಿದ್ದಿವೆ. ಅಲ್ಲಿ ಬಂದಾಗ ಜನರ ಕಾಲು ಈಗಲೂ ತಾನಾಗಿ ನಿಲ್ಲುತ್ತದೆ. ಕಂಬಳಿಯನ್ನು ಸ್ವಲ್ಪ ಮುಂದೆ ಚಾಚುತ್ತಾರೆ, ಯಾರೋ ಕೂತಿರುವ ಹಾಗೆ. ನಾನು ಹಂಡೆಯ ಹತ್ತಿರದಿಂದಲೇ ಕೂಗುತ್ತೇನೆ, "ನಡೀರಿ, ಅಲ್ಲಿ ಯಾರೂ ಇಲ್ಲ!" ನಾಚಿಕೊಂಡು ಹೋಗುತ್ತಾರೆ. ಮೊನ್ನೆ ಸಂಜೆ ಕಂಬಳಿ ಹೊತ್ತು ಬಂದಾಗ ನನ್ನ ಕಾಲೂ ಅಲ್ಲಿ ನಿಂತಿತು. ಕೈ ತಾನಾಗಿಯೇ ಕಂಬಳಿಯನ್ನು ಮುಂದೆ ಹಿಡಿದಿತ್ತು. ಹಿಂದಿದ್ದ ಫಕೀರಪ್ಪ ಕಾಯುತ್ತ ನಿಂತಿದ್ದ. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಗಟ್ಟಿಯಾಗಿ ನನ್ನನ್ನೇ ಬೈದುಕೊಂಡೆ, "ನಡಿ ಕಲ್ಲವ್ವಾ, ಅಲ್ಲಿ ಯಾರೂ ಇಲ್ಲ!" ಕಂಬಳಿ ಬೆಚ್ಚಗಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದೆ.